ಆದಿತ್ಯವಾರದ ಬಟ್ಟಿ

ಮೇಸ್ತ್ರಿ ಮಾಮನ ಹೆಸರನ್ನು ಒಮ್ಮೆ ನಮ್ಮ ಕ್ರೈಸ್ತ ಸಭೆಯ ದೇವಾಲಯದಲ್ಲಿ ಓದಿದ್ದರು ಎಂದರೆ ಈಗಿನವರು ನಂಬುವುದಿಲ್ಲ. ಹೋದ ವಾರ ಅವರನ್ನು ಮಣ್ಣು ಮಾಡಿ ಮನೆಗೆ ಬಂದಾಗ ನನ್ನ ಮಗಳು ಕಣ್ಣೊರೆಸಿಕೊಳ್ಳುತ್ತಾ, "ಅಮ್ಮಾ, ಅಲ್ಲಿ ಯಾರೋ ಹೇಳ್ತಾ ಇದ್ದರು, ಅವರನ್ನು ಒಮ್ಮೆ ಸಭೆಯಿಂದ ಹೊರಗೆ ಇಟ್ಟಿದ್ದರಂತೆ. ಸುಳ್ಳು ಅಲ್ವಾ?" ಎಂದು ಕೇಳಿದಳು. ಸುಳ್ಳಲ್ಲ ಎಂದೆ. ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. ಇಪ್ಪತ್ತು ವರ್ಷಗಳಿಗೂ ಹಿಂದೆ, ಅವಳು ನನ್ನ ಮಡಿಲಲ್ಲಿ ನಿದ್ದೆ ಹೋಗಿದ್ದ ಆ ಬೆಳಿಗ್ಗೆ, ನಾನೂ ಹಾಗೆಯೇ ಬಾಯಿ ತೆರೆದುಕೊಂಡು ಕುಳಿತಿದ್ದೆ.

ಹೆಸರು ಓದುವುದೆಂದರೆ ಏನೆಂದು ಮೊದಲು ಹೇಳಬೇಕು. ಕಾರಣವಿಲ್ಲದೆ ಬಹುಕಾಲ ಆರಾಧನೆಗೆ ಬಾರದವರು, ಕುಡಿತಕ್ಕೆ ಬಿದ್ದವರು, ಹೇಳಿದ ಬುದ್ಧಿ ಕೇಳದವರು ಇದ್ದರೆ, ಪಾದ್ರಿ ಅಯ್ಯನವರ ಪ್ರಸಂಗ ಮುಗಿದ ಮೇಲೆ ಸಭೆಯ ಹಿರಿಯರು ಎದ್ದು ನಿಂತು ಅವರ ಹೆಸರನ್ನು ಎಲ್ಲರ ಮುಂದೆ ಹೇಳುತ್ತಿದ್ದರು. ಅಂದಿನಿಂದ ಅವರಿಗೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸವಿಲ್ಲ. ಬರುವ ಈಸ್ಟರಿನೊಳಗೆ ತಿದ್ದಿಕೊಳ್ಳದಿದ್ದರೆ ಸತ್ತಾಗ ಗಂಟೆಯಿಲ್ಲ, ಸಭೆಯ ಮಣ್ಣಿನಲ್ಲಿ ಜಾಗವೂ ಇಲ್ಲ. ಹೊರಗಿನವರಿಗೆ ಇದು ಸಣ್ಣ ಮಾತಾಗಿ ಕಂಡೀತು. ನಮಗೆ ಹಾಗಲ್ಲ. ನಮ್ಮ ಅಜ್ಜಂದಿರು ಈ ನಂಬಿಕೆಗೆ ಬಂದ ದಿನವೇ ಅವರ ಕುಟುಂಬದ ಬಾಗಿಲು ಮುಚ್ಚಿತ್ತು. ಬಾವಿಯಿಂದ ನೀರು ಸೇದುವ ಹಾಗಿಲ್ಲ, ಮದುವೆಗೆ ಕರೆಯುವವರಿಲ್ಲ, ಹೆಣ ಹೊರುವವರಿಲ್ಲ. ಆಮೇಲೆ ನಮಗೆ ನೆಂಟರೆಂದು ಉಳಿದದ್ದು ಆದಿತ್ಯವಾರ ಒಂದೇ ಹಂಚಿನ ಮಾಡಿನ ಕೆಳಗೆ ಕೂರುವ ಈ ನಾಲ್ಕಾರು ಮನೆಯವರು. ಆ ಮಾಡಿನಿಂದಲೂ ಹೊರಗೆ ಬಿದ್ದವನು ಎಲ್ಲಿಗೆ ಹೋಗಬೇಕು?

ಅವರ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಹಾಗೆ ಓದಿಸಿಕೊಂಡ ಹೆಸರನ್ನು ಮತ್ತೊಮ್ಮೆ ನಾಲ್ಕು ಜನರ ಎದುರು ಇಡಲು ನನಗೆ ಮನಸ್ಸಿಲ್ಲ.

ನಮ್ಮ ದೇವಾಲಯವಿದ್ದ ಜೆಪ್ಪಿನ ಗುಡ್ಡದ ಕೆಳಗೆ ನೇತ್ರಾವತಿಯ ದಡದಲ್ಲಿದ್ದ ಒಂದು ಹಂಚಿನ ಕಾರ್ಖಾನೆಯಲ್ಲಿ ಅವರು ಬಟ್ಟಿ ಮೇಸ್ತ್ರಿ. ಹಸಿ ಹಂಚುಗಳನ್ನು ಬಟ್ಟಿಯೊಳಗೆ ಜೋಡಿಸಿ, ಬಾಯಿ ಕಟ್ಟಿ, ಬೆಂಕಿ ಹಾಕಿ, ಅದು ಹದಕ್ಕೆ ಬರುವವರೆಗೆ ಕಾಯುವ ಕೆಲಸ. ಕುಳ್ಳಗಿನ ಆಳು. ಹುಬ್ಬು ಸುಟ್ಟು ಸುಟ್ಟು ಇದ್ದೂ ಇಲ್ಲದ ಹಾಗೆ ಆಗಿತ್ತು. ಬೆಂಕಿಯನ್ನು ನೋಡಿ ನೋಡಿ ಕಣ್ಣು ಕಿರಿದಾಗಿ, ಎದುರಿಗಿದ್ದವರನ್ನು ನೋಡುವಾಗಲೂ ಅವರು ಹದ ನೋಡುತ್ತಿದ್ದಾರೋ ಎಂದು ನನಗೆ ಅನಿಸುತ್ತಿತ್ತು. ಹೆಂಡತಿ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ನನ್ನ ಗಂಡ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ನಮ್ಮ ಸಭೆಯವರೇ ಆದ ಇನ್ನಿಬ್ಬರೂ ಅದೇ ಬಟ್ಟಿಯಲ್ಲಿದ್ದರು.

ಆದಿತ್ಯವಾರ ಮಾತ್ರ ಮೇಸ್ತ್ರಿ ಮಾಮ ಬೇರೆಯೇ ಮನುಷ್ಯ. ಬಿಳಿ ಕೋಟು ಹಾಕಿ, ಗಂಟೆ ಹೊಡೆಯುವ ಮೊದಲೇ ಬಂದು, ದೇವಾಲಯದ ಬಾಗಿಲ ಬಳಿ ನಿಂತು ಬರುವವರನ್ನೆಲ್ಲ ನೋಡುತ್ತಿದ್ದರು. ಗಂಡಸರ ಬದಿಯ ಎರಡನೆಯ ಬೆಂಚು ಅವರದು. ಪಕ್ಕದಲ್ಲಿ ಕೂರುವವರು ಸಭೆಯ ಹಿರಿಯರು. ನಾನು ಟೀಚರಾಗಿದ್ದ ಹೆಣ್ಣುಮಕ್ಕಳ ಶಾಲೆಯ ಹೆಡ್ ಮಾಸ್ತರರೂ ಅವರೇ. ಮೇಸ್ತ್ರಿ ಮಾಮನ ಕಣ್ಣಿಗೆ ಸಣ್ಣ ಅಕ್ಷರ ಹತ್ತುತ್ತಿರಲಿಲ್ಲ. ಹೆಡ್ ಮಾಸ್ತರರು ಗೀತೆಯ ಪುಸ್ತಕ ಹಿಡಿದು ಪ್ರತಿ ಸಾಲಿನ ಮೊದಲ ಮಾತನ್ನು ಮೆಲ್ಲಗೆ ಹೇಳಿಕೊಡುವರು, ಇವರು ಆ ತುದಿ ಹಿಡಿದು ತಗ್ಗಿನ ಸ್ವರದಲ್ಲಿ ಉಳಿದದ್ದನ್ನು ಹಾಡುವರು. ಒಬ್ಬರು ಕೋಟಿನ ಗುಂಡಿ ಬಿಚ್ಚದ ಮೇಷ್ಟ್ರು, ಇನ್ನೊಬ್ಬರು ಉಗುರಿನ ಸಂದಿಯ ಕೆಮ್ಮಣ್ಣು ಎಷ್ಟು ಉಜ್ಜಿದರೂ ಹೋಗದ ಮೇಸ್ತ್ರಿ. ವರ್ಷಗಟ್ಟಲೆ ಒಂದೇ ಪುಸ್ತಕ.

ಆರಾಧನೆ ಮುಗಿದ ಕೂಡಲೇ ಮೇಸ್ತ್ರಿ ಮಾಮ ತನ್ನ ಮನೆಗೆ ಹೋಗುತ್ತಿರಲಿಲ್ಲ, ಬಾರದವರ ಮನೆಗೆ ಹೋಗುತ್ತಿದ್ದರು. ಒಮ್ಮೆ ನಾನೂ ಸಿಕ್ಕಿಬಿದ್ದೆ. ಮನೆಗೆ ನೆಂಟರು ಬರುವವರಿದ್ದರು, ಕೋರಿರೊಟ್ಟಿಗೆ ಮಸಾಲೆ ಅರೆಯುತ್ತಾ ಕುಳಿತಿದ್ದೆ. ಅವರು ಬಂದು ಜಗಲಿಯಲ್ಲಿ ಕುಳಿತರು.

"ಹುಷಾರಿಲ್ವಾ ಮಗಳೇ?"

ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. "ಹುಷಾರುಂಟು ಮಾಮ. ದೇವರು ಮನೆಯಲ್ಲಿಯೂ ಇದ್ದಾನೆ ಅಲ್ವಾ? ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡಿದ್ದೇನೆ" ಎಂದೆ.

ಅವರು ವಾದ ಮಾಡಲಿಲ್ಲ. ತಲೆ ಎತ್ತಿ ನಮ್ಮ ಮನೆಯ ಮಾಡು ನೋಡಿದರು.

"ಒಂದು ಹಂಚು ಜಾರಿದ್ರೆ ಆ ಹಂಚಿಗೆ ಎಂತ ಸಹ ಆಗುದಿಲ್ಲ. ಅದು ಅಲ್ಲಿಯೇ ಆರಾಮಲ್ಲಿ ಬಿದ್ದಿರ್ತದೆ. ನೀರು ಬೀಳುದು ಕೆಳಗೆ ಮಲಗಿದವರ ಮೇಲೆ." ಮಾಡಿನಿಂದ ಕಣ್ಣಿಳಿಸಿ ಮತ್ತೆ ಹೇಳಿದರು: "ನಿನ್ನ ಹತ್ತಿರ ಕೂತುಕೊಳ್ತದಲ್ಲ ಆ ಅಜ್ಜಿ, ಅದಕ್ಕೆ ಇವತ್ತು ಪುಸ್ತಕ ತೆಗೆದುಕೊಡ್ಲಿಕ್ಕೆ ಯಾರೂ ಇರ್ಲಿಲ್ಲ. ಕೊನೆವರೆಗೆ ಬಾಯಿ ಮುಚ್ಚಿಯೇ ಕೂತಿತ್ತು ಪಾಪ."

ಅರೆಯುವ ಕಲ್ಲು ನನ್ನ ಕೈಯಲ್ಲೇ ನಿಂತಿತು. ಗಂಡಸರ ಬದಿಯಲ್ಲಿ ಕೂರುವ ಈ ಮನುಷ್ಯ, ಸಣ್ಣ ಅಕ್ಷರವೇ ಕಾಣದ ಕಣ್ಣಿನವರು, ಹೆಂಗಸರ ಬದಿಯಲ್ಲಿ ಒಬ್ಬ ಮುದುಕಿ ಹಾಡಲಿಲ್ಲವೆಂಬುದನ್ನು ಕಂಡಿದ್ದರು. ಆಮೇಲೆ ನಾನು ಆದಿತ್ಯವಾರ ತಪ್ಪಿಸಿದ್ದು ಬಾಣಂತನಗಳಲ್ಲಿ ಮಾತ್ರ.

ಇಂಥವರು ಒಂದು ಮಳೆಗಾಲ ಮುಗಿಯುತ್ತಿದ್ದಂತೆ ಆರಾಧನೆಗೆ ಬರುವುದನ್ನೇ ನಿಲ್ಲಿಸಿಬಿಟ್ಟರು.

ಮೊದಲು ಜ್ವರವಿರಬೇಕು ಎಂದುಕೊಂಡೆವು. ಆದರೆ ಸೋಮವಾರ ಕೆಲಸಕ್ಕೆ ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕರೆ, "ಯಾರೆಲ್ಲ ಬಂದಿದ್ದರು ನಿನ್ನೆ?" ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ನೀವು ಯಾಕೆ ಬರಲಿಲ್ಲ ಎಂದರೆ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡು ಹೊರಟುಬಿಡುವರು. ಆಮೇಲೆ ಒಂದು ಮಾತು ಹುಟ್ಟಿತು. ಆದಿತ್ಯವಾರ ಸಂಜೆ ಅವರು ಕಣ್ಣು ಕೆಂಪು ಮಾಡಿಕೊಂಡು, ಕಾಲು ತೂರಾಡಿಸುತ್ತಾ ಮನೆಗೆ ಬರುವುದನ್ನು ನೋಡಿದವರಿದ್ದರು. ಹೆಂಡತಿ ಸತ್ತ ಗಂಡಸು, ಹೊಳೆ ದಡದಲ್ಲಿ ಶೇಂದಿಯ ಗಡಂಗು, ಇನ್ನೇನು ಬೇಕು? ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದರು ನಮ್ಮ ನೆರೆಯವರು. ಆ ಗಾದೆಯನ್ನು ಅಂದು ಅವರು ಎಷ್ಟು ಸರಿಯಾಗಿ ಹೇಳಿದ್ದರೆಂದು ಅವರಿಗೂ ಗೊತ್ತಿರಲಿಲ್ಲ.

ಹೆಡ್ ಮಾಸ್ತರರು ಕಟ್ಟುನಿಟ್ಟಿನವರು, ಆದರೆ ಕೆಟ್ಟವರಲ್ಲ. ತಾವೇ ಮೇಸ್ತ್ರಿ ಮಾಮನ ಮನೆಗೆ ಹೋಗಿ ಕೇಳಿದರಂತೆ. "ಬರ್ಲಿಲ್ಲ ಎಂಬುದು ಸತ್ಯ. ಕಾರಣ ಕೇಳ್ಬೇಡಿ. ನಿಮ್ಮ ಕೆಲಸ ನೀವು ಮಾಡಿ" ಎಂದು ಇವರು ಹೇಳಿದರಂತೆ. ಇದು ಸೊಕ್ಕಲ್ಲದೆ ಮತ್ತೇನು ಎಂದು ಸಭೆಯವರು ತೀರ್ಮಾನಿಸಿದರು.

ಹಾಗೆ ಆ ಆದಿತ್ಯವಾರ ಪ್ರಸಂಗ ಮುಗಿದ ಮೇಲೆ ಹೆಡ್ ಮಾಸ್ತರರು ಎದ್ದು ನಿಂತರು. ಮೇಸ್ತ್ರಿ ಮಾಮನ ಹೆಸರು, ಅವರ ತಂದೆಯ ಹೆಸರು, ಮನೆಯ ಗುರುತು ಎಲ್ಲವನ್ನೂ ಹೇಳಿದರು. ಹೆಂಗಸರ ಬದಿಯಲ್ಲಿ ಯಾರೋ "ಅಯ್ಯೋ ದೇವರೇ" ಎಂದರು. ಗಂಡಸರ ಬದಿಯಲ್ಲಿ ನನ್ನ ಗಂಡ ಕಾಣಿಸುತ್ತಿದ್ದರು. ಅವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಗುರುವಿನ ಅವಮಾನಕ್ಕೆ ನಾಚಿದ್ದಾರೆ ಎಂದುಕೊಂಡೆ. ಕೊನೆಯ ಗೀತೆ ಎತ್ತಿದಾಗ ಹೆಡ್ ಮಾಸ್ತರರು ಪುಸ್ತಕವನ್ನು ಅಭ್ಯಾಸಬಲದಿಂದ ಪಕ್ಕಕ್ಕೆ ವಾಲಿಸಿ ಹಿಡಿದಿದ್ದರು. ಅಲ್ಲಿ ಯಾರೂ ಇರಲಿಲ್ಲ.

ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚು. ಮಗುವನ್ನು ಗಂಡನ ಕೈಗೆ ಕೊಟ್ಟು, ಆ ಮನುಷ್ಯನಿಗೆ ನಾಲ್ಕು ಮಾತು ಬೈದು ಬರುತ್ತೇನೆಂದು ಕೊಡೆ ಹಿಡಿದು ಹೊರಟೆ. ಅವರು, "ಬೇಡ ಮಾರಾಯ್ತಿ, ಹೋಗ್ಬೇಡ" ಎಂದು ಹಿಂದಿನಿಂದ ಎರಡು ಸಲ ಕೂಗಿದರು. ನಾನು ನಿಲ್ಲಲಿಲ್ಲ. ಮೇಸ್ತ್ರಿ ಮಾಮನ ಮನೆಗೆ ಬೀಗ. ಬೇಲಿಯ ಹತ್ತಿರ ಮೀನಿನ ಬುಟ್ಟಿ ಇಳಿಸಿ ಕುಳಿತಿದ್ದ ಹೆಂಗಸು ನನ್ನನ್ನು ನೋಡಿ ನಕ್ಕಳು.

"ಮೇಸ್ತ್ರಿಯವರಾ? ಅವರು ನಿನ್ನೆ ಸಂಜೆಯಿಂದ ಬಟ್ಟಿಯಲ್ಲಿ ಅಲ್ವಾ? ಎಲ್ಲ ಆದಿತ್ಯವಾರ ಅಲ್ಲಿಯೇ ಇರುದು. ನಿಮಗೆ ಗೊತ್ತಿಲ್ವಾ ಟೀಚರೇ?"

ಮೀನು ಮಾರುವವಳಿಗೆ ಗೊತ್ತಿತ್ತು, ಸಭೆಗೆ ಗೊತ್ತಿರಲಿಲ್ಲ. ಹೊಳೆ ದಡದ ಉದ್ದಕ್ಕೂ ಕಾರ್ಖಾನೆಗಳು. ಯಾವ ಚಿಮಿಣಿಯಲ್ಲಿ ಯಾವ ದಿನ ಹೊಗೆ ಬರುತ್ತದೆಂದು ಗುಡ್ಡದ ಮೇಲೆ ಕುಳಿತು ನೋಡಿದವರು ನಮ್ಮಲ್ಲಿ ಯಾರು?

ಕಾರ್ಖಾನೆಯ ಒಳಗೆ ಆ ದಿನ ಹಂಚು ಒತ್ತುವ ಕಡೆ ಯಾರೂ ಇರಲಿಲ್ಲ. ಬಟ್ಟಿಯ ಕಡೆಯಿಂದ ಕೆಂಡದ ಝಳ ಬರುತ್ತಿತ್ತು. ಉಳ್ಳಾಲದಿಂದ ದೋಣಿಯಲ್ಲಿ ಬರುವ ಒಬ್ಬ ಮುಸಲ್ಮಾನ ಬ್ಯಾರಿ ಕಟ್ಟಿಗೆ ಹೊತ್ತು ತಂದು ಹಾಕುತ್ತಿದ್ದ. ಮೇಸ್ತ್ರಿ ಮಾಮ ಬರಿ ಮೈಯಲ್ಲಿ ಬೆಂಕಿಯ ಬಾಯಿಯ ಮುಂದೆ ಬಗ್ಗಿ ನಿಂತಿದ್ದರು. ಬೆನ್ನು ಬೆವರಿನಿಂದ ಹೊಳೆಯುತ್ತಿತ್ತು. ನನ್ನನ್ನು ಕಂಡು ಟವೆಲು ಹೊದ್ದುಕೊಂಡರು. ಕಣ್ಣೆರಡೂ ಕೆಂಡ. ಅಲ್ಲಿ ಶೇಂದಿಯ ವಾಸನೆಯೂ ಇರಲಿಲ್ಲ, ಕುಡಿಯುವುದಕ್ಕೆ ಇದ್ದದ್ದು ಒಂದು ಮಡಕೆ ಗಂಜಿತಿಳಿ.

"ಹೆಸರು ಓದಿದ್ರಾ?" ಎಂದರು.

"ಓದಿದ್ರು." ನನಗೆ ಬೈಗುಳವೆಲ್ಲ ಮರೆತುಹೋಗಿತ್ತು.

"ಆಗ್ಲಿ. ಯಾರೆಲ್ಲ ಬಂದಿದ್ದರು?"

ನಾನು ಹೆಸರು ಹೇಳುವ ಮೊದಲು ಅವರೇ ಕೇಳಿದರು: "ನಿನ್ನ ಗಂಡ ಬಂದಿದ್ದನಾ? ಆ ಇಬ್ಬರು ಹುಡುಗರು?"

"ಮೂವರೂ ಬಂದಿದ್ದರು."

"ಹಾಗಾದ್ರೆ ಸರಿ" ಎಂದು ಅವರು ಮತ್ತೆ ಬೆಂಕಿಯ ಕಡೆ ತಿರುಗಿದರು.

ಬ್ಯಾರಿಗೆ ತಡೆಯಲಾಗಲಿಲ್ಲ. "ಎಂತ ಸರಿ ಮಾರಾಯ್ರೆ? ನೋಡಿ ಟೀಚರೇ, ಹಳೇ ಸಾಹುಕಾರರು ಇರುವಾಗ ಸೋಮವಾರ ಬೆಂಕಿ ಹಾಕಿದ್ರೆ ಶನಿವಾರಕ್ಕೆ ಮುಗೀತಿತ್ತು. ಈಗ ಮಗನ ಕಾರುಬಾರು. ಬಂದರಿನಲ್ಲಿ ಹಡಗು ಕಾಯ್ತದೆ, ಬಟ್ಟಿ ಆರ್ಲಿಕ್ಕಿಲ್ಲ ಅಂತ. ಆದಿತ್ಯವಾರ ಬಾರದವರು ಸೋಮವಾರವೂ ಬರ್ಬೇಡಿ ಅಂತ ನಾಲ್ಕೂ ಜನಕ್ಕೆ ಹೇಳಿದ್ರು. ಇವರು ಹೋಗಿ, ಆ ಮೂವರನ್ನು ಬಿಡಿ, ಅವರ ಪಾಲಿನದ್ದೂ ನಾನು ಮಾಡ್ತೇನೆ ಅಂತ ಒಪ್ಪಿ ಬಂದ್ರು. ಶುಕ್ರವಾರ ಜುಮಾಕ್ಕೆ ನನ್ನನ್ನು ಬೆನ್ನು ತಟ್ಟಿ ಓಡಿಸುದು ಇವರೇ. ಇವರ ಆದಿತ್ಯವಾರ ಮಾತ್ರ ಇಲ್ಲಿ ಸುಟ್ಟುಹೋಗ್ತದೆ."

"ನೀನು ಕಟ್ಟಿಗೆ ಹಾಕು" ಎಂದರು ಮೇಸ್ತ್ರಿ ಮಾಮ.

ಅಲ್ಲಿಯೇ ಒಂದು ಕಟ್ಟಿಗೆಯ ತುಂಡಿನ ಮೇಲೆ ಕುಳಿತೆ. "ಹಿರಿಯರ ಹತ್ತಿರ ಯಾಕೆ ಹೇಳ್ಲಿಲ್ಲ ಮಾಮ?" ಎಂದು ಕೇಳಿದೆ.

"ಹೇಳಿದ್ರೆ ಅವರು ಸಾಹುಕಾರರ ಹತ್ತಿರ ಜಗಳಕ್ಕೆ ಹೋಗ್ತಾರೆ. ನಾಲ್ಕು ಮನೆಯ ಗಂಜಿ ಹೋಗ್ತದೆ. ಮತ್ತೆ, ಹುಡುಗರು ಅಲ್ಲಿ ಕೂತು ದೇವರನ್ನು ನೆನಪು ಮಾಡ್ಬೇಕು. ನನ್ನನ್ನು ನೆನಪು ಮಾಡ್ತಾ ಕೂತರೆ ಎಂತ ಪ್ರಯೋಜನ?" ಅವರು ಮುಖ ಒರೆಸಿಕೊಂಡರು. ಬೆವರೋ ಮತ್ತೊಂದೋ ನಾನು ಹೇಳಲಾರೆ. "ಗಂಟೆ ಕೇಳುವಾಗ ನಾನು ಸಹ ಇಲ್ಲಿ ಹಾಡಿ ನೋಡಿದೆ ಮಗಳೇ. ಆಗುದಿಲ್ಲ. ಮೊದಲ ಮಾತು ಹೇಳಿಕೊಡ್ಲಿಕ್ಕೆ ಪಕ್ಕದಲ್ಲಿ ಜನ ಬೇಕು."

ಬಾಯಿ ಬಿಡಬೇಡ ಎಂದು ಅವರು ಹೇಳಿದರು. ನಾನು ಮಾತು ಕೊಡುವುದಿಲ್ಲ ಎಂದು ಹೇಳಿ ಎದ್ದು ಬಂದೆ.

ಮನೆಯಲ್ಲಿ ನನ್ನ ಗಂಡ ಉಣ್ಣದೆ ಕುಳಿತಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಎಲ್ಲವೂ ತಿಳಿಯಿತು. "ಹೇಳ್ಬಾರದು ಅಂತ ಆಣೆ ಹಾಕಿಸಿದ್ದರು" ಎಂದರು. "ಹೇಳಿದ್ರೆ ಕೆಲಸ ಹೋಗ್ತದೆ ಅಂತ ಹೆದರಿಕೆಯೂ ಇತ್ತು. ಹೆಸರು ಓದುವವರೆಗೆ ಹೋಗ್ತದೆ ಅಂತ ನಾವು ಗ್ರಹಿಸಿರ್ಲಿಲ್ಲ." ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಪಕ್ಕದಲ್ಲಿ ಮಲಗಿ ಏಳುವ ಮನುಷ್ಯ, ಪ್ರತಿ ಆದಿತ್ಯವಾರ ಇಸ್ತ್ರಿ ಮಾಡಿದ ಅಂಗಿ ಹಾಕಿ, ಇನ್ನೊಬ್ಬರ ಬೆನ್ನಿನ ಮೇಲೆ ಕುಳಿತು ಆರಾಧನೆ ಮಾಡಿ ಬರುತ್ತಿದ್ದರು. ನನಗೆ ಒಂದು ದಿನವೂ ವಾಸನೆ ಹತ್ತಿರಲಿಲ್ಲ.

"ಬರುವ ಆದಿತ್ಯವಾರ ನೀವು ಎದ್ದು ಹೇಳ್ಬೇಕು. ಇಲ್ಲದಿದ್ದರೆ ನಾನು ಹೇಳ್ತೇನೆ" ಎಂದೆ.

ಹೆಂಗಸರು ಆರಾಧನೆಯಲ್ಲಿ ಎದ್ದು ಮಾತಾಡುವುದು ಆಗ ಕೇಳರಿಯದ ಸಂಗತಿ. ಅದರಲ್ಲೂ ಹೆಸರು ಓದಿದವರು ನನ್ನ ಹೆಡ್ ಮಾಸ್ತರರು. ನನ್ನ ಕೆಲಸವೂ ಉಳಿಯುವ ಹಾಗಿರಲಿಲ್ಲ.

ಆದಿತ್ಯವಾರ ಬಂತು. ಪ್ರಸಂಗ ಮುಗಿಯಿತು. ಹಿರಿಯರು ಮದುವೆಯ ಪ್ರಕಟಣೆ ಓದಿ ಕುಳಿತರು. ನಾನು ಗಂಡಸರ ಬದಿಯನ್ನೇ ನೋಡುತ್ತಿದ್ದೆ. ನನ್ನ ಗಂಡ ಏಳಲಿಲ್ಲ. ಅಯ್ಯನವರು ಪ್ರಾರ್ಥನೆಗೆ ಪುಸ್ತಕ ತೆರೆದರು. ಆಗಲೂ ಏಳಲಿಲ್ಲ. ನಾನು ಮಗುವನ್ನು ಪಕ್ಕದ ಅಜ್ಜಿಯ ಮಡಿಲಿಗೆ ಹಾಕಿ ಎದ್ದುಬಿಟ್ಟೆ. ಸಭೆಯೆಲ್ಲ ಗರಬಡಿದಂತೆ ನನ್ನ ಕಡೆ ತಿರುಗಿತು. ಹೆಡ್ ಮಾಸ್ತರರ ಕಣ್ಣು ನನ್ನ ಮೇಲಿತ್ತು. ನಾನು ಮುಂದಿನ ಬೆಂಚು ಹಿಡಿದು ನನ್ನ ಗಂಡನ ಕಡೆಗೇ ನೋಡಿದೆ.

ಆಗ ಗಂಡಸರ ಬದಿಯಲ್ಲಿ ಬೆಂಚು ಸರಿದ ಸದ್ದಾಯಿತು. ನನ್ನ ಗಂಡ ಎದ್ದು ನಿಂತಿದ್ದರು. ಅವರ ಹಿಂದೆ ಆ ಇಬ್ಬರು.

"ಮೇಸ್ತ್ರಿಗಳು ಬಾರದೆ ಇದ್ದದ್ದು," ಎಂದರು ನನ್ನ ಗಂಡ, "ನಾವು ಬರ್ಲಿಕ್ಕೆ."

ಇಷ್ಟೇ ಅವರಿಂದ ಆದದ್ದು. ಉಳಿದದ್ದನ್ನು ಆ ಇಬ್ಬರಲ್ಲಿ ಒಬ್ಬ ಅಳುತ್ತಾ ಹೇಳಿದ. ಶೇಂದಿಯ ಮಾತು ಹುಟ್ಟಿಸಿದವರು ತಮ್ಮ ತಮ್ಮ ಪುಸ್ತಕದ ರಟ್ಟು ನೋಡುತ್ತಿದ್ದರು. ಹೊರಗೆ ಹೋಗುವಾಗ ಹೆಡ್ ಮಾಸ್ತರರು ಬಾಗಿಲ ಚೌಕಟ್ಟು ಹಿಡಿದುಕೊಂಡದ್ದನ್ನು ನಾನು ನೋಡಿದೆ.

ಆಮೇಲಿನದು ಬೇಗ ಹೇಳಬಹುದು. ಓದಿದ ತೀರ್ಪನ್ನು ಸಭೆ ಹಿಂದಕ್ಕೆ ತೆಗೆದುಕೊಂಡಿತು. ಅಯ್ಯನವರೇ ಸಾಹುಕಾರರ ಹತ್ತಿರ ಹೋದರು, ಜಗಳಕ್ಕಲ್ಲ, ಕೇಳಿಕೊಳ್ಳಲಿಕ್ಕೆ. ಬಟ್ಟಿ ನಿಲ್ಲಿಸಲು ಅವರು ಒಪ್ಪಲಿಲ್ಲ. ಆದರೆ ಹದ ಬಲ್ಲವರು ಯಾರಾದರೂ ಒಬ್ಬರಿದ್ದರೆ ಸಾಕೆಂದರು. ಮೇಸ್ತ್ರಿ ಮಾಮ ಮೂವರಿಗೂ ಹದ ಕಲಿಸಿದರು. ಅಂದಿನಿಂದ ನಾಲ್ವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಆದಿತ್ಯವಾರದ ಸರದಿ. ಸರದಿಯವನ ಹೆಸರನ್ನು ಅಯ್ಯನವರು ಪ್ರಾರ್ಥನೆಯಲ್ಲಿ ಹೇಳುವ ಕ್ರಮ ಶುರುವಾಯಿತು: ಈಗ ಬಟ್ಟಿಯ ಮುಂದೆ ಇರುವ ನಮ್ಮ ಸಹೋದರನನ್ನು ನೆನೆಸಿಕೋ ಎಂದು. ಓದಿದ ಜಾಗದಲ್ಲಿಯೇ ಮತ್ತೆ ಹೆಸರು ಹೇಳುವುದು. ನನ್ನ ಗಂಡನ ಸರದಿಯ ದಿನ ಆ ಮಾತು ಬಂದಾಗ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತಿತ್ತು.

ಆದರೆ ಮಗಳಿಗೆ ನಾನು ಹೇಳಲೇಬೇಕಾಗಿದ್ದದ್ದು ಮೇಸ್ತ್ರಿ ಮಾಮ ತಿರುಗಿ ಬಂದ ದಿನದ್ದು.

ಆ ದಿನ ದೇವಾಲಯ ತುಂಬಿತ್ತು. ಅವರು ಅದೇ ಬಿಳಿ ಕೋಟಿನಲ್ಲಿ ಬಂದರು. ಜನ ಎದ್ದು ನಿಂತರು. ಅದು ಅವರಿಗೆ ಹಿಡಿಸಲಿಲ್ಲ. ಕೈಯಾಡಿಸಿ ಕೂರಲು ಹೇಳಿ ಎರಡನೆಯ ಬೆಂಚಿಗೆ ಹೋಗಿ ಕುಳಿತರು. ಆ ಬೆಂಚಿನಲ್ಲಿ ಅವರೊಬ್ಬರೇ. ಹೆಡ್ ಮಾಸ್ತರರು ಬಂದಿರಲಿಲ್ಲ. ಮೈಗೆ ಹುಷಾರಿಲ್ಲವೆಂದು ಹೇಳಿ ಕಳಿಸಿದ್ದರು. ಅದು ಯಾವ ಕಾಯಿಲೆ ಎಂದು ನಮಗೆಲ್ಲ ಗೊತ್ತಿತ್ತು. ಎಷ್ಟೋ ಜನರ ಹೆಸರು ಓದಿದ ಮನುಷ್ಯ, ಈಗ ಯಾವ ಮುಖ ಹೊತ್ತು ಆ ಬೆಂಚಿನಲ್ಲಿ ಕೂರುವುದು?

ಅಯ್ಯನವರು ಮೊದಲ ಗೀತೆ ಎತ್ತಿಸಿದರು. ಒಂದು ಚರಣ ಮುಗಿಯಿತು. ಮೇಸ್ತ್ರಿ ಮಾಮ ಹಾಡಲಿಲ್ಲ. ಪಕ್ಕದ ಖಾಲಿ ಜಾಗವನ್ನು ಆ ಕಿರಿದಾದ ಕಣ್ಣಿನಿಂದ ನೋಡುತ್ತಿದ್ದರು. ಎರಡನೆಯ ಚರಣದ ನಡುವೆ ಎದ್ದರು. ನಡುದಾರಿಯಲ್ಲಿ ನೇರ ನಡೆದು, ಎಲ್ಲರೂ ನೋಡುತ್ತಿದ್ದಂತೆ ಹೊರಗೆ ಹೋಗಿಬಿಟ್ಟರು.

ಹಾಡು ಅರ್ಧಕ್ಕೇ ಸಡಿಲವಾಯಿತು. ಸಿಟ್ಟು ಹೋಗಿಲ್ಲ, ನಮ್ಮ ಮುಖದ ಮೇಲೆ ಹೊಡೆದ ಹಾಗೆ ಹೋದರು ಎಂದು ನನ್ನ ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದರು. ನನ್ನ ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಇಷ್ಟೆಲ್ಲ ಆಗಿ, ಕೊನೆಗೂ ಅವರನ್ನು ಕಳೆದುಕೊಂಡೆವಲ್ಲ ಎಂದುಕೊಂಡೆ. ಅಯ್ಯನವರು ಹೇಗೋ ವೇದಪಾಠ ಮುಗಿಸಿ ಪ್ರಸಂಗ ಶುರುಮಾಡಿದರು.

ಪ್ರಸಂಗದ ನಡುವೆ ಬಾಗಿಲಲ್ಲಿ ಬೆಳಕು ಮರೆಯಾಯಿತು. ಮೇಸ್ತ್ರಿ ಮಾಮ ನಿಂತಿದ್ದರು. ಅವರ ಕೈಯಲ್ಲಿ ಹೆಡ್ ಮಾಸ್ತರರ ಮಣಿಕಟ್ಟು. ಶಾಲೆಯಲ್ಲಿ ಕೋಟಿನ ಒಂದು ಗುಂಡಿಯನ್ನೂ ಬಿಚ್ಚದ ಮನುಷ್ಯ ಮನೆಯಲ್ಲಿ ಉಡುವ ಮುಂಡು ಪಂಚೆಯಲ್ಲಿ, ಮೇಲೊಂದು ಶಾಲು ಎಳೆದುಕೊಂಡು, ಕ್ಷೌರವಿಲ್ಲದ ಮುಖದಲ್ಲಿ ನಿಂತಿದ್ದರು. ಇಬ್ಬರೂ ಗುಡ್ಡ ಹತ್ತಿ ಏದುಸಿರು ಬಿಡುತ್ತಿದ್ದರು. ಯಾರ ಕಡೆಗೂ ನೋಡದೆ ನಡೆದು ಬಂದು ಎರಡನೆಯ ಬೆಂಚಿನಲ್ಲಿ ಕುಳಿತರು.

ಆ ದಿನದ ಪ್ರಸಂಗ ಯಾವ ವಾಕ್ಯದ ಮೇಲಿತ್ತೆಂದು ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಕೊನೆಯ ಗೀತೆಗೆ ಎದ್ದಾಗ ಹೆಡ್ ಮಾಸ್ತರರು ಪುಸ್ತಕವನ್ನು ಪಕ್ಕಕ್ಕೆ ವಾಲಿಸಿ ಹಿಡಿದರು. ಮೇಸ್ತ್ರಿ ಮಾಮ ಅದರ ಇನ್ನೊಂದು ತುದಿಯನ್ನು ಹಿಡಿದುಕೊಂಡರು. ಮೊದಲ ಮಾತು ಹೇಳಿಕೊಡಬೇಕಾದವರು ಪುಟವನ್ನೇ ನೋಡುತ್ತಿದ್ದರು. ಸಭೆಯೆಲ್ಲ ಹಾಡದೆ ಕಾಯಿತು. ಕೊನೆಗೆ ಹೆಡ್ ಮಾಸ್ತರರು ಆ ಒಂದು ಮಾತನ್ನು ಹೇಳಿದರು, ಮೇಸ್ತ್ರಿ ಮಾಮ ಹಾಡಿದರು.